ಕಲ್ಯಾಣದ ಅನುಭವ ಮಂಟಪ: ಬೀದರ ಜಿಲ್ಲೆಗೆ ಹೊಸಬರಾಗಿ ಬಂದವರಿಗೆ

ಬೀದರ ಜಿಲ್ಲೆಗೆ ನೌಕರಿಗೋ ಓದಿಗೋ ಬಂದವರು ಬಹಳ ದಿನ ಕಳೆಯುವ ಮೊದಲೇ ‘ಅನುಭವ ಮಂಟಪ’ ಎಂಬ ಹೆಸರು ಕೇಳುತ್ತಾರೆ. ಕೇಳಿದವರಿಗೆ ಗೊಂದಲವಾಗುವುದು ಸಹಜ. ಒಬ್ಬರು ಅದು ಎಂಟುನೂರು ವರ್ಷಗಳ ಹಿಂದೆ ಇತ್ತು ಎನ್ನುತ್ತಾರೆ. ಇನ್ನೊಬ್ಬರು ಹೋದ ವಾರ ಮಕ್ಕಳನ್ನು ಕರಕೊಂಡು ಅಲ್ಲಿಗೆ ಹೋಗಿ ಬಂದೆ ಎನ್ನುತ್ತಾರೆ. ಮತ್ತೊಬ್ಬರು ಅದನ್ನು ಸರ್ಕಾರ ಕಟ್ಟಿಸುತ್ತಿದೆಯಲ್ಲ ಎನ್ನುತ್ತಾರೆ. ಮೂವರು ಹೇಳುವುದೂ ಸರಿ. ಒಂದೇ ಹೆಸರು ಮೂರು ಕಾಲದ ಮೂರು ಸಂಗತಿಗಳಿಗೆ ಸಲ್ಲುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರ ಸುತ್ತ ಸೇರುತ್ತಿದ್ದ ಶರಣರ ಸಭೆ ಮೊದಲನೆಯದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು 20ನೇ ಶತಮಾನದಲ್ಲಿ ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಬಳಿ ಎಬ್ಬಿಸಿದ ಕಟ್ಟಡ ಎರಡನೆಯದು. 2021ರಲ್ಲಿ ಅಡಿಗಲ್ಲು ಬಿದ್ದ ನೂತನ ಅನುಭವ ಮಂಟಪ ಮೂರನೆಯದು. ಈ ಮೂರನ್ನೂ ಬಿಡಿಸಿಕೊಂಡರೆ ಮುಂದಿನದು ತಾನಾಗಿ ತಿಳಿಯುತ್ತದೆ.

ಬೀದರ ನಗರದಿಂದ ಹುಮನಾಬಾದ ಹಾಯ್ದು ಬಸವಕಲ್ಯಾಣಕ್ಕೆ ಸುಮಾರು 80 ಕಿಲೋಮೀಟರು. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಒಂದು ಕಾಲಕ್ಕೆ ಚಾಲುಕ್ಯ ಸಾಮ್ರಾಜ್ಯದ ರಾಜಧಾನಿ. 11ನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ಆರನೇ ವಿಕ್ರಮಾದಿತ್ಯನ ಕಾಲಕ್ಕೆ, ಅಂದರೆ 1076ರಿಂದ 1126ರವರೆಗೆ, ಈ ಪಟ್ಟಣಕ್ಕೆ ದಕ್ಷಿಣ ಭಾರತದಲ್ಲಿ ಸಾಟಿಯಿದ್ದ ಊರುಗಳು ಕಡಿಮೆ. ಹಿಂದೂ ಆಸ್ತಿ ಹಕ್ಕಿನ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಬಹುಕಾಲ ಆಧಾರವಾಗಿ ಹಿಡಿದ ‘ಮಿತಾಕ್ಷರ’ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಆ ಅರಸನ ಆಳ್ವಿಕೆಯಲ್ಲಿ. ಯಾರು ಯಾರಿಗೆ ವಾರಸುದಾರ, ಯಾವ ವರ್ಣಕ್ಕೆ ಯಾವ ಧರ್ಮ ಎಂದು ತೀರ್ಮಾನಿಸುವ ಪಾಂಡಿತ್ಯ ಅಲ್ಲಿ ಮನ್ನಣೆ ಪಡೆದಿತ್ತು. ಅದಾಗಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಚಮ್ಮಾರ, ಮಡಿವಾಳ, ಅಂಬಿಗ, ಮೇದಾರ, ಹಗ್ಗ ಹೊಸೆಯುವವ, ಕಾಳು ಕುಟ್ಟುವ ಹೆಂಗಸು ಒಂದೆಡೆ ಸೇರಿ ದೇವರು, ಜಾತಿ, ದುಡಿಮೆ, ಹಂಚಿಕೆಗಳ ಬಗ್ಗೆ ಕನ್ನಡದಲ್ಲಿ ವಾದಿಸತೊಡಗಿದರು. ಆ ತಿರುವು ಎಷ್ಟು ದೊಡ್ಡದೆಂದು ಮನಸ್ಸಿಗೆ ತಂದುಕೊಳ್ಳಲು ನಾವು ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು.

ಆ ಕಾಲದಲ್ಲಿ ಕಸುಬಿನವರಿಗೆ ಕೂಟಗಳೇ ಇರಲಿಲ್ಲ ಎಂದು ತಿಳಿಯಬೇಡಿ. ಗಾಣಿಗರು, ನೇಕಾರರು, ಅಕ್ಕಸಾಲಿಗರು ತಮ್ಮತಮ್ಮ ಶ್ರೇಣಿ ಕಟ್ಟಿಕೊಂಡಿದ್ದರು. ವ್ಯಾಪಾರಿಗಳಿಗೆ ‘ಅಯ್ಯಾವೊಳೆ ಐನೂರ್ವರು’ ಎಂಬ ಬಲಿಷ್ಠ ಸಂಘವಿತ್ತು. ಇವರು ದೇವಾಲಯಗಳಿಗೆ ಎಣ್ಣೆ, ಅಡಿಕೆ, ಸುಂಕದ ಪಾಲು ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಆದರೆ ಗಾಣಿಗರ ಸಭೆಯಲ್ಲಿ ಗಾಣಿಗರೇ ಕೂಡುತ್ತಿದ್ದರು, ನೇಕಾರರ ಸಭೆಯಲ್ಲಿ ನೇಕಾರರೇ. ಎಲ್ಲ ಕಸುಬಿನವರೂ ಒಂದೇ ಹಾಸಿನ ಮೇಲೆ ಕೂಡುವ, ಅದರಲ್ಲೂ ಊರ ಹೊರಗೆ ಇರಿಸಲ್ಪಟ್ಟವರು ಒಳಗೆ ಬಂದು ಕೂಡುವ ಜಾಗ ಇರಲಿಲ್ಲ. ಆ ಜಾಗವನ್ನು ಮಾಡಿಕೊಟ್ಟವರು ಬಸವಣ್ಣ. ಅವರು ಆಗ ಕಳಚುರಿ ಬಿಜ್ಜಳನ ಭಂಡಾರಿ. ಬಿಜ್ಜಳ ಮೊದಲು ಮಂಗಳವೇಡೆಯಿಂದ ಆಳುತ್ತಿದ್ದ ಸಾಮಂತ. ಚಾಲುಕ್ಯರ ಬಲ ಕುಂದಿದಾಗ ಕಲ್ಯಾಣದ ಗದ್ದುಗೆಯನ್ನೇ ಹಿಡಿದ. ರಾಜ್ಯದ ಬೊಕ್ಕಸ ನೋಡಿಕೊಳ್ಳುವ ಅಧಿಕಾರಿಯ ಮನೆ ದುಡಿಯುವವರ ಸಭೆಯಾದದ್ದು ಹೀಗೆ. ಶರಣರ ಬಾಯಲ್ಲಿ ಆ ಮನೆಗೆ ‘ಮಹಾಮನೆ’ ಎಂದು ಹೆಸರು.

ಸಭೆಯ ಪೀಠ ಶೂನ್ಯ ಸಿಂಹಾಸನ. ಅದರ ಮೇಲೆ ಕೂತವರು ಅಲ್ಲಮಪ್ರಭು. ಮನೆ ಬಸವಣ್ಣನವರದು, ಅನ್ನ ಬಸವಣ್ಣನವರದು, ಅಧ್ಯಕ್ಷತೆ ಮಾತ್ರ ಬನವಾಸಿ ಸೀಮೆಯಲ್ಲಿ ಮದ್ದಳೆ ಬಾರಿಸುತ್ತಿದ್ದವರದು. ಇದನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ತನ್ನ ಖರ್ಚಿನಲ್ಲಿ ಸಭೆ ನಡೆಸುವವನು ತಾನೇ ಅಧ್ಯಕ್ಷನಾಗುವುದು ಇಂದಿಗೂ ನಾವು ಎಲ್ಲೆಡೆ ಕಾಣುವ ರೂಢಿ. ಕಲ್ಯಾಣದ ಸಭೆಯಲ್ಲಿ ಅದು ನಡೆಯಲಿಲ್ಲ.

ಕೂತವರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಹೆಸರಿನ ಮುಂದೆ ಕುಲವೂ ಇಲ್ಲ, ಬಿರುದೂ ಇಲ್ಲ. ಮಾಡುವ ಕೆಲಸ ಇದೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬಿದಿರು ಹೆಣೆಯುವುದು, ಎಲೆ ಅಡಿಕೆಯ ಚೀಲ ಹೊರುವುದು, ದನ ಕಾಯುವುದು, ತೊಗಲು ಹದ ಮಾಡುವುದು, ನೂಲು ತೆಗೆಯುವುದು, ಭತ್ತ ಕುಟ್ಟುವುದು. ಆ ಹೊತ್ತಿಗೆ ಈ ಕಸುಬುಗಳಲ್ಲಿ ಹಲವು ಅವಮಾನದ ಗುರುತುಗಳಾಗಿದ್ದವು. ಅವನ್ನೇ ತಲೆಯ ಮೇಲಿಟ್ಟುಕೊಂಡು ಅವರು ಸಭೆಗೆ ಬಂದರು. ವಚನ ರಚಿಸಿದ ಹೆಂಗಸರೇ ಮೂವತ್ತಕ್ಕೂ ಹೆಚ್ಚು. ಅಂಬಿಗರ ಚೌಡಯ್ಯನಂತೂ ವಚನದ ಕೊನೆಯ ಅಂಕಿತದಲ್ಲಿ ದೇವರ ಹೆಸರನ್ನೂ ಇಡದೆ ತನ್ನ ಹೆಸರನ್ನೇ ಇಟ್ಟ.

ಸಭೆಗೆ ಸೇರಲು ಒಂದು ಕಟ್ಟಳೆ ಇತ್ತು. ಕಾಯಕ ಇರಬೇಕು. ಕಾಯಕ ಎಂದರೆ ಹೊಟ್ಟೆಪಾಡಿಗೆ ಮಾಡುವ ಪ್ರಾಮಾಣಿಕ ದುಡಿಮೆ; ಅದರಲ್ಲಿ ಮೇಲು ಕೀಳಿಲ್ಲ. ದುಡಿದದ್ದರಲ್ಲಿ ತನಗೆ ಸಾಕಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಸಮುದಾಯಕ್ಕೆ ಕೊಡುವುದು ದಾಸೋಹ. ಈ ಎರಡೂ ಮಾತು ಹೊಸಬರಿಗೆ ತಿಳಿದರೆ ಸಾಕು, ಶರಣರ ಅರ್ಧ ವಿಚಾರ ಕೈಗೆ ಬಂದಂತೆ. ಉಳಿದ ಅರ್ಧ ಅವರ ನಡುವಿನ ವಾದಗಳಲ್ಲಿದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಇವರು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಬಂದವರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಸಭೆಯ ಚರ್ಚೆಯಲ್ಲಿ ಮೈಮರೆತು ಕೂತುಬಿಟ್ಟ. ಲಕ್ಕಮ್ಮ ಬಂದು, ಮಾತು ಸಾಕು, ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸಿದಳು. ಅವನು ಅವಸರದಲ್ಲಿ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆ. ಅದು ಅರಸರಿಗೆ ಇರಲಿ, ಶರಣರಿಗೆ ಬೇಡ, ತಂದಲ್ಲಿಗೇ ಸುರಿದು ಬಾ ಎಂದಳು. ಲಕ್ಕಮ್ಮನ ವಚನಗಳು ನಮಗೆ ಸಿಕ್ಕಿರುವುದು ಇಪ್ಪತ್ತೈದರಷ್ಟು ಮಾತ್ರ. ಆದರೂ ಆಕೆಯ ನಿಷ್ಠುರತೆ ಎದುರಾದಾಗ ಬಸವಣ್ಣನವರ ದಾನಗುಣವೂ ಸ್ವಲ್ಪ ಹಿಂದೆ ಸರಿಯುತ್ತದೆ ಎಂದೇ ನನಗೆ ಅನಿಸುತ್ತದೆ. ಕೊಡುವವನ ಔದಾರ್ಯವನ್ನು ಹೊಗಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ತೆಗೆದುಕೊಳ್ಳುವವಳ ಸ್ವಾಭಿಮಾನಕ್ಕೆ ಸಭೆಯಲ್ಲಿ ಜಾಗ ಕೊಟ್ಟವರು ವಿರಳ.

ನುಲಿಯ ಚಂದಯ್ಯನದು ಇನ್ನೂ ಗಟ್ಟಿ ನಿಲುವು. ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ಜಂಗಮರಿಗೆ ಉಣಿಸುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತಂತೆ. ಅವನು ಹುಡುಕದೆ ಕೆಲಸ ಮುಂದುವರಿಸಿದ. ಲಿಂಗವೇ ಬೆನ್ನು ಹತ್ತಿ ಬಂದು ಬೇಡಿಕೊಂಡರೂ ಮಣಿಯಲಿಲ್ಲ. ಕೊನೆಗೆ ಮಡಿವಾಳ ಮಾಚಿದೇವ ನಡುವೆ ಬಂದು ರಾಜಿ ಮಾಡಿಸಿದ. ರಾಜಿಯ ಷರತ್ತು ಕೇಳಿ: ಲಿಂಗವೂ ಹಗ್ಗ ಮಾರುವ ಕೆಲಸಕ್ಕೆ ನಿಲ್ಲಬೇಕು. ಗುರುವಾದರೂ, ಲಿಂಗವಾದರೂ, ಜಂಗಮವಾದರೂ ಕಾಯಕದಿಂದ ಬಿಡುಗಡೆ ಇಲ್ಲ ಎಂಬುದು ಚಂದಯ್ಯನ ವಾದದ ಸಾರ. ಪವಾಡದ ಬಟ್ಟೆ ತೊಟ್ಟ ಕಥೆ ನಿಜ. ಒಳಗಿರುವ ವಿಚಾರ ಮಾತ್ರ ಯಾವ ಪವಾಡಕ್ಕೂ ಕಾಯುವುದಿಲ್ಲ.

ಈ ಪ್ರಸಂಗಗಳೆಲ್ಲ ನಮಗೆ ಸಿಗುವುದು ‘ಶೂನ್ಯಸಂಪಾದನೆ’ಯಲ್ಲಿ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಚದುರಿಹೋಗಿದ್ದ ವಚನಗಳನ್ನು ಪ್ರಶ್ನೋತ್ತರದ ರೂಪದಲ್ಲಿ ಜೋಡಿಸಿ ಸಭೆಯ ನಡವಳಿಕೆಯಂತೆ ಮೊದಲು ಕಟ್ಟಿದ. ಆಮೇಲೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನು ಪರಿಷ್ಕರಿಸಿ ಬೆಳೆಸಿದರು. ಆಯ್ದಕ್ಕಿ ಮಾರಯ್ಯ, ನುಲಿಯ ಚಂದಯ್ಯ, ಸೌದೆ ಹೊತ್ತು ಮಾರುತ್ತಿದ್ದ ಮೋಳಿಗೆಯ ಮಾರಯ್ಯ, ಇವರ ಹೆಸರಿನಲ್ಲಿ ಅದರಲ್ಲಿ ಒಂದೊಂದು ಅಧ್ಯಾಯವೇ ಇದೆ. ಒಂದು ಸಭೆಯ ಕಥನ ಹೀಗೆ ಕೂಲಿಕಾರರ ಹೆಸರಿನಲ್ಲಿ ಅಧ್ಯಾಯಗಳಾಗಿ ಹರಿಯುವ ಪುಸ್ತಕ ನನ್ನ ಓದಿನಲ್ಲಿ ಬೇರೊಂದಿಲ್ಲ.

ಇಲ್ಲಿ ಹೊಸಬರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅನುಭವ ಮಂಟಪ ಎಂಬ ಕಟ್ಟಡ ನಿಜವಾಗಿ ಇತ್ತೇ? ಶೂನ್ಯಸಂಪಾದನೆಗೂ ಬಸವಣ್ಣನವರಿಗೂ ನಡುವೆ ಎರಡೂವರೆ ಶತಮಾನದಷ್ಟು ಅಂತರ. ಬಸವಣ್ಣನವರ ಹೆಸರು ಹೇಳುವ ಅರ್ಜುನವಾಡದ ಶಾಸನ 1260ರದು. ಬಸವಣ್ಣನವರ ಕಾಲಕ್ಕೆ ಹತ್ತಿರದ ಕವಿ ಹರಿಹರ ತನ್ನ ರಗಳೆಯಲ್ಲಿ ಅವರ ಕಥೆ ಹೇಳುತ್ತಾನಾದರೂ ಮುಂದಿನವರು ವರ್ಣಿಸಿದಂಥ ಭವ್ಯ ಮಂಟಪದ ಚಿತ್ರ ಅಲ್ಲಿಲ್ಲ. ಹೀಗಾಗಿ ಕಂಬಗಳುಳ್ಳ ಮಂಟಪ ಇತ್ತೋ, ಶರಣರ ಕೂಟಕ್ಕೇ ಆ ಹೆಸರು ಬಂತೋ ಎಂದು ವಿದ್ವಾಂಸರು ದಶಕಗಳಿಂದ ವಾದ ಮಾಡಿದ್ದಾರೆ. ನನ್ನ ಮಟ್ಟಿಗೆ ವಚನಗಳೇ ಸಾಕ್ಷಿ. ಒಬ್ಬರ ವಚನ ಇನ್ನೊಬ್ಬರ ಹೆಸರು ಹಿಡಿದು ಕರೆಯುತ್ತದೆ, ಪ್ರಶ್ನಿಸುತ್ತದೆ, ಒಪ್ಪದೆ ತಿರುಗಿ ಬೀಳುತ್ತದೆ. ಎದುರುಬದುರು ಕೂಡದೆ ಅಂಥ ಮಾತು ಹುಟ್ಟುವುದಿಲ್ಲ. ಸೇರಿದ್ದು ಮಹಾಮನೆಯ ಪಡಸಾಲೆಯಲ್ಲೋ, ಮರದ ನೆರಳಲ್ಲೋ, ಇಂದು ಬಸವಕಲ್ಯಾಣದಲ್ಲಿ ಜನ ತೋರಿಸುವ ಪರುಷಕಟ್ಟೆಯ ಮೇಲೋ, ಸಭೆಯಂತೂ ಸೇರಿತ್ತು.

ಇದನ್ನು ಜಗತ್ತಿನ ಮೊದಲ ಪಾರ್ಲಿಮೆಂಟ್ ಎಂದು ಕರೆಯುವುದು ವೇದಿಕೆಗಳಲ್ಲಿ ವಾಡಿಕೆಯಾಗಿದೆ. ಅಭಿಮಾನದ ಮಾತು, ಅರ್ಥವಾಗುತ್ತದೆ. ಆದರೆ ಪಾಠ ಹೇಳುವವನಾಗಿ ನಾನು ಆ ಹೋಲಿಕೆಯನ್ನು ಒಪ್ಪಲಾರೆ. ಈ ಸಭೆ ಕಾನೂನು ಮಾಡಲಿಲ್ಲ, ತೆರಿಗೆ ಹಾಕಲಿಲ್ಲ, ಮತ ಎಣಿಸಲಿಲ್ಲ. ಇದಕ್ಕೆ ನಂಟು ಹುಡುಕುವುದಾದರೆ ದುಡಿಯುವವರು ತಮಗಾಗಿ ಕಟ್ಟಿಕೊಂಡ ಸಭಾಭವನಗಳಲ್ಲಿ ಹುಡುಕಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1856ರಲ್ಲಿ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು ದಿನಕ್ಕೆ 8 ಗಂಟೆ ದುಡಿಮೆಯ ಹಕ್ಕು ಪಡೆದರು. 1859ರಲ್ಲಿ ಅಲ್ಲಿನ ಕಾರ್ಮಿಕರು ‘ಟ್ರೇಡ್ಸ್ ಹಾಲ್’ ತೆರೆದರು. ಹಲವು ಕಸುಬಿನವರು ಒಂದೇ ಸೂರಿನಡಿ ಕೂಡುವುದು, ಕಲಿಯುವುದು, ಚರ್ಚಿಸುವುದು ಅದರ ಗುರಿ. ಅದು ಇಂದಿಗೂ ಕಾರ್ಮಿಕ ಸಂಘಗಳ ಕೈಯಲ್ಲೇ ಇದೆ. ಬಡಗಿಯ ಕಷ್ಟವನ್ನು ಗಾರೆಯವನು ಕೇಳಿಸಿಕೊಳ್ಳುವ ಜಾಗ ಅದು. ಕಲ್ಯಾಣದಲ್ಲಿ ಮಡಿವಾಳನ ಮಾತನ್ನು ಮಂತ್ರಿ ಕೇಳಿಸಿಕೊಂಡ.

ವ್ಯತ್ಯಾಸವನ್ನೂ ಮುಚ್ಚಿಡಬಾರದು. ಶರಣರು ಕೂಲಿ ಹೆಚ್ಚಿಸಿ ಎಂದು ಯಾರನ್ನೂ ಕೇಳಲಿಲ್ಲ, ಮುಷ್ಕರ ಹೂಡಲಿಲ್ಲ. ಲಕ್ಕಮ್ಮ ಕೇಳಿದ್ದು ಕಡಿಮೆ ತೆಗೆದುಕೋ ಎಂದು. ಈಗಿನ ಕೆಲವು ಮಾಲೀಕರು ಕಾಯಕದ ಮಾತನ್ನು ಕೂಲಿ ಕೇಳುವವರ ಬಾಯಿ ಮುಚ್ಚಿಸಲು ಬಳಸುವುದುಂಟು. ಆಗ ನೆನಪಿಡಬೇಕಾದದ್ದು ಕಟ್ಟಳೆಯ ಇನ್ನೊಂದು ಬದಿ. ಲಕ್ಕಮ್ಮನ ಎಚ್ಚರಿಕೆ ಹೆಚ್ಚು ಕೂಡಿಡುವವರೆಲ್ಲರಿಗೂ ಇತ್ತು. ಕಾಯಕವನ್ನು ಇಟ್ಟುಕೊಂಡು ದಾಸೋಹವನ್ನು ಬಿಟ್ಟರೆ ಅದು ಶರಣರ ವಿಚಾರವಾಗಿ ಉಳಿಯುವುದಿಲ್ಲ.

ಸಭೆ ಮುರಿದದ್ದು ಮದುವೆಯೊಂದರ ಕಾರಣಕ್ಕೆ. ಪಾದರಕ್ಷೆ ಮಾಡುತ್ತಿದ್ದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಂಬಂಧ ಬೆಳೆಯಿತು. ಇಬ್ಬರೂ ಶರಣರಾದ ಮೇಲೆ ಜಾತಿ ಎಲ್ಲಿ ಎಂಬುದು ಸಭೆಯ ನಿಲುವು. ವರ್ಣಸಂಕರ ಎಂಬ ದೂರು ಅರಮನೆಗೆ ಹೋಯಿತು. ಬಿಜ್ಜಳ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದು, ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು, ಕಾವ್ಯ ಪುರಾಣಗಳು ಹೇಳುತ್ತವೆ. ಬಿಜ್ಜಳನ ಆಳ್ವಿಕೆ 1167ರ ಸುಮಾರಿಗೆ ಮುಗಿಯಿತು. ಅವನು ಕೊಲೆಯಾದನೆಂಬುದು ಪರಂಪರೆಯ ಕಥನ. ಬಸವಣ್ಣ ಕೂಡಲಸಂಗಮಕ್ಕೆ, ಅವರ ಸೋದರಳಿಯ ಚನ್ನಬಸವಣ್ಣ ಮತ್ತು ಸಂಗಡಿಗರು ಉಳವಿಯ ಕಡೆಗೆ ಹೋದರು. ವಚನದ ಓಲೆಗಳನ್ನು ಹೊತ್ತು ಕಾಪಾಡಿದ ಆ ಪಯಣದ ನೆನಪಿಗೇ ಬೀದರ ನಗರದ ಬಸವಗಿರಿಯಲ್ಲಿ ವರ್ಷಕ್ಕೊಮ್ಮೆ ವಚನ ವಿಜಯೋತ್ಸವ ನಡೆಯುತ್ತದೆ. ಜೊತೆಯಾಗಿ ಕೂತು ಮಾತಾಡಿದ್ದನ್ನು ಅರಸು ಸಹಿಸಿತು, ಜೊತೆಯಾಗಿ ಉಂಡದ್ದನ್ನೂ ಸಹಿಸಿತು, ಮದುವೆಯನ್ನು ಸಹಿಸಲಿಲ್ಲ. ಇಂದಿನ ದಿನಪತ್ರಿಕೆ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓಲೆಗರಿಗಳಲ್ಲಿದ್ದದ್ದು ಅಚ್ಚಿನ ಬೆಳಕಿಗೆ ಬಂದದ್ದು ಫ. ಗು. ಹಳಕಟ್ಟಿಯವರಿಂದ. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂತು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಆದರೆ ಅದೇ ಕಾಲದಲ್ಲಿ ಕಲ್ಯಾಣ ಇದ್ದ ನಮ್ಮ ಸೀಮೆಯಲ್ಲಿ ಕನ್ನಡ ಓದುವುದೇ ಕಷ್ಟವಾಗಿತ್ತು. ಬೀದರ ಆಗ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆಡಳಿತವೂ ಶಾಲೆಯೂ ಉರ್ದುವಿನಲ್ಲಿ. ಮಂಟಪದ ಎರಡನೆಯ ಜನ್ಮದ ಕಥೆ ಶುರುವಾಗುವುದು ಇಲ್ಲಿಂದ, ಭಾಲ್ಕಿ ಮತ್ತು ಔರಾದ ಸೀಮೆಯಿಂದ.

ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು 1889ರಲ್ಲಿ, ಕಮಲನಗರದಲ್ಲಿ. ಕಮಲನಗರ ಬಹುಕಾಲ ಔರಾದ ತಾಲ್ಲೂಕಿನಲ್ಲಿದ್ದ ಊರು. ಈಗ ತಾನೇ ತಾಲ್ಲೂಕು ಕೇಂದ್ರ. ಬೀದರದಿಂದ ಉದಗೀರ ಕಡೆ ಹೋಗುವ ರೈಲು ಹತ್ತಿದರೆ ಭಾಲ್ಕಿ ದಾಟಿದ ಮೇಲೆ ಸಿಗುತ್ತದೆ. ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಮೇಲೆ ಅವರು ಮಾಡಿದ ಮೊದಲ ದೊಡ್ಡ ಕೆಲಸ ಶಾಲೆ ತೆರೆದದ್ದು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಈ ಒಂದು ಮಾತು ಜಿಲ್ಲೆಯ ಯಾವ ಹಿರಿಯರ ಬಾಯಲ್ಲೂ ಕೇಳಬಹುದು. ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಕಾಳು ಕಡಿ ತಂದು, ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸಿ ಓದಿಸಿದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಹಂಚಿಹೋಗಿ ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಯ ಪಾಲಾದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಕನ್ನಡ ರಾಜ್ಯಕ್ಕೆ ಬಂದವು. ಗಡಿಯ ಈ ತುದಿ ಕನ್ನಡದ ಜೊತೆ ಉಳಿಯುವುದರಲ್ಲಿ ಆ ಶಾಲೆಗಳ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಬಸವಕಲ್ಯಾಣದ ಅನುಭವ ಮಂಟಪವನ್ನು ಪಟ್ಟದ್ದೇವರು ಕಟ್ಟಿಸಿದ್ದು ಇದೇ ಹಟದಿಂದ. ಶರಣರು ಕೂತ ಊರಿನಲ್ಲಿ ಅವರ ಹೆಸರಿನ ಒಂದು ಸಭಾಂಗಣವೂ ಇಲ್ಲವಲ್ಲ ಎಂಬ ಕೊರಗಿಗೆ ಅವರು ಮತ್ತೆ ಜೋಳಿಗೆ ಹಿಡಿದರು. 1999ರಲ್ಲಿ, ನೂರಹತ್ತನೆಯ ವರ್ಷದಲ್ಲಿ, ಅವರು ಲಿಂಗೈಕ್ಯರಾದರು. ಅವರ ನಂತರ ಬಸವಲಿಂಗ ಪಟ್ಟದ್ದೇವರು ಭಾಲ್ಕಿಯ ಮಠವನ್ನೂ ಕಲ್ಯಾಣದ ಮಂಟಪದ ಕೆಲಸವನ್ನೂ ಮುನ್ನಡೆಸಿದ್ದಾರೆ. 

ಮೂರನೆಯದಾದ ನೂತನ ಮಂಟಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೊ. ರು. ಚನ್ನಬಸಪ್ಪನವರ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ ಸರ್ಕಾರ ಕೈಗೊಂಡ ಯೋಜನೆ ಇದು. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಆಗ ಪ್ರಕಟಿಸಿದ ವೆಚ್ಚ 500 ಕೋಟಿ ರೂಪಾಯಿ. ಏಳೂವರೆ ಎಕರೆಯಲ್ಲಿ ಆರು ಅಂತಸ್ತು, ಕಲ್ಯಾಣ ಚಾಲುಕ್ಯ ಶೈಲಿ, ಅಮರಗಣಂಗಳು ಎನಿಸಿದ 770 ಶರಣರ ನೆನಪಿಗೆ 770 ಕಂಬ, 770 ಜನ ಕೂಡುವ ಸಭಾಂಗಣ, ಗ್ರಂಥಾಲಯ, ಸಂಶೋಧನಾ ಕೇಂದ್ರ ಎಂಬುದು ನಕ್ಷೆ. ನನಗೆ ಇಷ್ಟವಾದದ್ದು ಆ ಸಭಾಂಗಣ ಮತ್ತು ಗ್ರಂಥಾಲಯ. ಅಲ್ಲಿ ಯಾರು ಮಾತಾಡುತ್ತಾರೆ ಎಂಬುದನ್ನು ಕಾದು ನೋಡುವ ಆಸೆ ನನ್ನದು. ಬಿದರಿ ಪಾತ್ರೆಗೆ ಬೆಳ್ಳಿ ತಂತಿ ಕೂರಿಸುವ ಬೀದರದ ಕುಶಲಕರ್ಮಿ, ಬಿತ್ತನೆ ಮುಗಿಸಿ ಹೈದರಾಬಾದಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಔರಾದ ಸೀಮೆಯ ದಂಪತಿ, ಪೌರಕಾರ್ಮಿಕರು, ಅಂಗನವಾಡಿ ಅಕ್ಕಂದಿರು ತಮ್ಮ ಕೆಲಸದ ಹೆಸರು ಹೇಳಿಕೊಂಡು ಆ ವೇದಿಕೆ ಹತ್ತಬೇಕು. ಅವರನ್ನು ಕೇಳುಗರ ಸಾಲಿನಲ್ಲೇ ಕೂರಿಸಿ ಅತಿಥಿಗಳಷ್ಟೇ ಮಾತಾಡುವುದಾದರೆ ಮಂಟಪ ಎಂಬ ಹೆಸರಿಗೆ ನ್ಯಾಯವಾಗದು.

ಹೋಗುವುದಾದರೆ ನವೆಂಬರ್ ಕೊನೆಯ ಹೊತ್ತಿಗೆ ಹೋಗಿ. ಆಗ ಬಸವಕಲ್ಯಾಣದಲ್ಲಿ ಶರಣ ಕಮ್ಮಟ ಮತ್ತು ಅನುಭವ ಮಂಟಪ ಉತ್ಸವ ಇರುತ್ತದೆ. ಬೆಳಿಗ್ಗೆ ಕೋಟೆ, ಆಮೇಲೆ ಪರುಷಕಟ್ಟೆ, ಅಕ್ಕನಾಗಮ್ಮನ ಗವಿ, ಮಧ್ಯಾಹ್ನ ಕೆರೆಯ ಬಳಿಯ ಮಂಟಪ. ಹೋಗುವ ಮೊದಲು ಸ್ವಲ್ಪ ಓದಿಕೊಳ್ಳಿ. ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಎಲ್ಲ ವಚನಗಳನ್ನೂ ತಂದಿದೆ. ಆ ರಾಶಿ ನೋಡಿ ಹೆದರಬೇಡಿ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ಶಾಲೆಯಲ್ಲೇ ಪರಿಚಯವಾದವರು. ನೀವು ಲಕ್ಕಮ್ಮನಿಂದ ಶುರುಮಾಡಿ; ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಚಂದಯ್ಯ, ಆಮೇಲೆ ಚೌಡಯ್ಯ. ಕೊಟ್ಟಣದ ಸೋಮಮ್ಮನದು ನಮಗೆ ಸಿಕ್ಕಿರುವುದು ಒಂದೇ ಒಂದು ವಚನ. ಅದನ್ನು ಬಿಡದೆ ಓದಿ.